ನರಸಯ್ಯನ ಪಾಲ್ ಅರೆಸ್ಟ್

ಸೋಲೂರು ಬಸ್ ಸ್ಟ್ಯಾಂಡಿನ ಎದುರು ನರಸಯ್ಯ ತನ್ನ ಅಂಗಡಿಗೆ ಹೊಸ ಬೋರ್ಡು ಹಾಕಿಸಿದ ದಿನ ಒಂದು ಸಣ್ಣ ತಪ್ಪು ನಡೆಯಿತು. ಅಕ್ಷರದ ತಪ್ಪೇನಲ್ಲ. ‘ನರಸಯ್ಯ, ಸರ್ಟಿಫೈಡ್ ಸೋಲಾರ್ ಇನ್‌ಸ್ಟಾಲರ್’ ಎಂದು ಹಳದಿಯ ಮೇಲೆ ಕೆಂಪಿನಲ್ಲಿ ದುಂಡಗೆ ಬರೆದಿತ್ತು. ಸರ್ಟಿಫಿಕೇಟು ಮಾತ್ರ ಇನ್ನೂ ಬಂದಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ. ನರಸಯ್ಯ ಕುಲಾವಿ ಹೊಲಿಸಿದ್ದಲ್ಲದೆ ಅದಕ್ಕೆ ಉದ್ಘಾಟನೆಯನ್ನೂ ಇಟ್ಟುಕೊಂಡ. ಪಂಚಾಯಿತಿ ಮೆಂಬರ್ ರುದ್ರಪ್ರಸಾದ್ ಟೇಪು ಕತ್ತರಿಸಿದರು. ಪಕ್ಕದ ಮನೆಯ ಸಿದ್ದಗಂಗಯ್ಯನವರು ತೆಂಗಿನಕಾಯಿ ಒಡೆದರು. ಊರಿನವರು ಉಪ್ಪಿಟ್ಟು, ಕೇಸರಿಬಾತು ತಿಂದು, ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಅದನ್ನು ವಾಟ್ಸಾಪಿಗೂ ಹಾಕಿಕೊಂಡರು.

ಹಾಗಂತ ನರಸಯ್ಯ ಮೋಸಗಾರನಲ್ಲ. ನಲವತ್ತಾರು ವರ್ಷದ ಸಂಭಾವಿತ. ಇಪ್ಪತ್ತು ವರ್ಷದಿಂದ ಅದೇ ಅಂಗಡಿಯಲ್ಲಿ ಮಿಕ್ಸಿ, ಫ್ಯಾನು, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದ. ಈಚೆಗೆ ಜನ ಕೆಟ್ಟ ಮಿಕ್ಸಿಯನ್ನು ಗುಜರಿಗೆ ಹಾಕಿ ಫೋನಿನಲ್ಲೇ ಹೊಸದನ್ನು ತರಿಸತೊಡಗಿದ್ದರು. ನೊಣ ಹೊಡೆಯುತ್ತ ಕುಳಿತಿದ್ದವನಿಗೆ ಹಾಲಿನ ಡೈರಿಯ ಸೆಕ್ರೆಟರಿ ಒಂದು ದಾರಿ ತೋರಿಸಿದರು. ಡೈರಿಯ ಚಾವಣಿಗೆ ಸೋಲಾರ್ ಬರುತ್ತಿದೆ. ಎರಡು ತಿಂಗಳೊಳಗೆ ಸರ್ಟಿಫಿಕೇಟ್ ತಂದರೆ ಕೆಲಸ ನಿನಗೇ, ಆಮೇಲೆ ಸುತ್ತಮುತ್ತಲ ಡೈರಿಗಳದ್ದೂ ನಿನಗೇ. ತರದಿದ್ದರೆ ನೆಲಮಂಗಲದವರು ಕಾಯುತ್ತಿದ್ದಾರೆ ಎಂದರು. ನರಸಯ್ಯ ಮಾರನೆಯ ದಿನವೇ ಮಾಗಡಿಯ ಒಂದು ತರಬೇತಿ ಕೇಂದ್ರಕ್ಕೆ ಸೇರಿಕೊಂಡ.

ಸೇರುವಾಗ ಅವನು ಒಂದು ವಿಷಯ ಯೋಚಿಸಲಿಲ್ಲ. ಅವನಿಗೆ ಎತ್ತರವೆಂದರೆ ಜೀವಭಯ. ಮದುವೆಯಾದ ಹೊಸದರಲ್ಲಿ ಹುಣಸೆಹಣ್ಣಿನ ಗಡಿಗೆ ಇಳಿಸಲು ಅಟ್ಟ ಹತ್ತಿ, ಇಳಿಯಲಾಗದೆ ಮಧ್ಯಾಹ್ನದಿಂದ ಸಂಜೆಯವರೆಗೆ ಅಲ್ಲೇ ಕುಳಿತಿದ್ದ. ಹೆಂಡತಿ ಮಾಯಮ್ಮ ಊಟವನ್ನು ಅಲ್ಲಿಗೇ ಕೊಟ್ಟಿದ್ದಳು. ಸೋಲಾರ್ ಕೆಲಸಕ್ಕೆ ಸೂರ್ಯ ಮೇಲಿದ್ದರೆ ಸಾಕು, ತಾನು ಕೆಳಗೇ ಇರಬಹುದು ಎಂದುಕೊಂಡಿದ್ದ ಮಹಾರಾಯ. ಮೊದಲ ಹದಿನೈದು ದಿನ ಹಾಗೆಯೇ ನಡೆಯಿತು. ವೈರು, ಮೀಟರು, ಬ್ಯಾಟರಿ ಎಲ್ಲದರಲ್ಲೂ ಅವನೇ ಮುಂದು. ಹದಿನಾರನೆಯ ದಿನ ಬೋಧಕಿ ಅನೀಸಾ ಮೇಡಂ, "ನಾಳೆ, ನಾಡಿದ್ದು ಎತ್ತರದ ಸೇಫ್ಟಿ ಕ್ಲಾಸು. ಎಲ್ಲರೂ ಮೇಲೆ ಹತ್ತಬೇಕು" ಎಂದಾಗ ನರಸಯ್ಯ ಮೆಲ್ಲಗೆ ಎದ್ದು ಕೊನೆಯ ಬೆಂಚಿಗೆ ಹೋಗಿ ಕುಳಿತ.

ಅವತ್ತೇ ಅವನು ರಜಾ ಅರ್ಜಿ ಬರೆದುಕೊಟ್ಟ. ‘ನಮ್ಮ ಅತ್ತೆಯವರಾದ ದೊಡ್ಡಲಕ್ಷ್ಮಮ್ಮನವರು ದೈವಾಧೀನರಾದ ಕಾರಣ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.’ ಆ ಎರಡು ದಿನವೂ ಬೆಳಿಗ್ಗೆ ಮನೆಯಿಂದ ಕ್ಲಾಸಿಗೆ ಹೊರಟವನಂತೆ ಹೊರಟು, ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿಯ ಹತ್ತಿರ ನೆರಳು ನೋಡಿಕೊಂಡು ಕುಳಿತು, ಸಂಜೆ ಮನೆಗೆ ಬಂದ. ದೈವಾಧೀನರಾದ ದೊಡ್ಡಲಕ್ಷ್ಮಮ್ಮ ಅದೇ ಹೊತ್ತಿಗೆ ಕುರಿ ಹೊಡೆದುಕೊಂಡು ಬಂದು ಜಗುಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದಳು.

ಈ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಗಂಡುಮಕ್ಕಳಿಲ್ಲದ್ದರಿಂದ ಮಗಳ ಮನೆಯಲ್ಲೇ ಇದ್ದಳು. ಅಳಿಯನ ಜೊತೆ ನೇರವಾಗಿ ಮಾತನಾಡಬಾರದೆಂಬ ಹಳೆಯ ರಿವಾಜನ್ನು ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ಬಿಟ್ಟವಳಲ್ಲ. ಹೇಳುವುದನ್ನೆಲ್ಲ ಮಗಳಿಗೆ ಹೇಳುವಳು. ಮಗಳು ಇಲ್ಲದಿದ್ದರೆ ಮನೆಯ ಕಂಬಕ್ಕೆ, ಕಂಬವೂ ದೂರವಿದ್ದರೆ ಕುರಿಗೆ. ಬೈಗುಳ ಮಾತ್ರ ನೇರವಾಗಿ ಅಳಿಯನಿಗೇ ತಲುಪುತ್ತಿತ್ತು.

ಬೋರ್ಡಿನ ಉದ್ಘಾಟನೆಯಾಗಿ ನಾಲ್ಕನೆಯ ದಿನ, ಗುರುವಾರ ಬೆಳಿಗ್ಗೆ, ನರಸಯ್ಯನ ಫೋನಿಗೆ ಅನೀಸಾ ಮೇಡಂ ಅವರಿಂದ ಒಂದು ಮೆಸೇಜು ಬಂತು. ಆಕೆ ಕೈಯಲ್ಲಿ ಬರೆಯುವವರಲ್ಲ. ಫೋನಿಗೆ ಬಾಯಲ್ಲಿ ಹೇಳುವರು, ಫೋನು ತನಗೆ ಕೇಳಿಸಿದ ಹಾಗೆ ಬರೆದುಕೊಳ್ಳುವುದು. ಅದು ಬರೆದುಕೊಂಡದ್ದು ಇಷ್ಟು:

‘ನರಸಯ್ಯನವರೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಪಾಲ್ ಅರೆಸ್ಟ್. ಹೋದ ಸಲ ತಪ್ಪಿಸಿಕೊಂಡಿದ್ದೀರಿ. ಈ ಸಲ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆಧಾರ್, ಎರಡು ಫೋಟೋ, ಮನೆಯವರ ಒಪ್ಪಿಗೆ ಪತ್ರ ತನ್ನಿ. ಹೊಟ್ಟೆ ತುಂಬ ತಿಂದು ಬರಬೇಡಿ.’

ನರಸಯ್ಯ ಓದಿದ. ಇನ್ನೊಂದು ಸಲ ಓದಿದ. ‘ಅರೆಸ್ಟ್’ ಎಂಬುದೊಂದು ಬಿಟ್ಟು ಬೇರೆ ಯಾವ ಅಕ್ಷರವೂ ಕಣ್ಣಿಗೆ ಕಾಣಲಿಲ್ಲ. ತಲೆಯೆತ್ತಿದರೆ ಮೇಲೆ ಬೋರ್ಡು. ಇಲ್ಲದ ಸರ್ಟಿಫಿಕೇಟನ್ನು ಇದೆ ಎಂದು ಕೆಂಪಕ್ಷರದಲ್ಲಿ ಬರೆಸಿದ್ದು ಒಂದು ಅಪರಾಧ, ಬದುಕಿರುವ ಅತ್ತೆಯನ್ನು ಕಾಗದದ ಮೇಲೆ ಸಾಯಿಸಿದ್ದು ಇನ್ನೊಂದು. ಫೋನ್ ಮಾಡಿ ಕೇಳಿದ್ದರೆ ಎಲ್ಲ ಬಗೆಹರಿಯುತ್ತಿತ್ತು. ಅರೆಸ್ಟ್ ಮಾಡುವವರಿಗೇ ಫೋನ್ ಮಾಡಿ ಯಾಕೆ ಎಂದು ಕೇಳುವ ಎದೆ ಅವನಿಗೆ ಇರಲಿಲ್ಲ. ಅಂಗಡಿಯ ಬಾಗಿಲೆಳೆದು ನೇರವಾಗಿ ಸಿದ್ದಗಂಗಯ್ಯನವರ ಮನೆಗೆ ಓಡಿದ.

ಸಿದ್ದಗಂಗಯ್ಯನವರು ಮಾಗಡಿಯ ಪತ್ರ ಬರಹಗಾರರೊಬ್ಬರ ಹತ್ತಿರ ಮೂವತ್ತು ವರ್ಷ ಪಾಲುಪಟ್ಟಿಗಳನ್ನು ನಕಲು ಮಾಡಿ ನಿವೃತ್ತರಾದವರು. ಅಣ್ಣತಮ್ಮಂದಿರ ಪಾಲು, ಬಾವಿಯ ಪಾಲು, ಹುಣಸೆಮರದ ಕೊಂಬೆಯ ಪಾಲು, ಎಲ್ಲ ಬರೆದ ಕೈ. ಅವರಿಗೆ ತಿಳಿಯದ ಕಾನೂನಿಲ್ಲವೆಂದು ಊರು ನಂಬಿತ್ತು. ಊರಿಗಿಂತ ಹೆಚ್ಚಾಗಿ ಅವರೇ ನಂಬಿದ್ದರು. ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು ಓದಿದರು.

"ಲೇ ನರಸಯ್ಯ, ಇದು ಬರೀ ಅರೆಸ್ಟಲ್ಲ ಕಣ್ಲಾ. ಪಾಲ್ ಅರೆಸ್ಟು."

"ಅಂಗಂದ್ರೆ ಏನಯ್ಯಾ?"

"ಒಬ್ಬನ್ನೇ ಹಿಡ್ಕೊಂಡೋದ್ರೆ ಅದು ಸಾದಾ ಅರೆಸ್ಟು. ತಪ್ಪಲ್ಲಿ ಯಾರ್‍ಯಾರಿಗೆ ಪಾಲೈತೋ ಅವರ್ನೆಲ್ಲ ಒಂದೇ ಸಲಕ್ಕೆ ಹಿಡಿಯೋದು ಪಾಲ್ ಅರೆಸ್ಟು. ಪಾಲುದಾರ್‍ರು ಅಷ್ಟೂ ಒಳಕ್ಕೆ."

ಹೀಗೆಂದವರು ಅಲ್ಲಿಗೇ ನಿಲ್ಲಿಸಿದರು. ಅವರ ಮುಖದ ಬಣ್ಣ ಇಳಿಯಿತು. ತೆಂಗಿನಕಾಯಿ ಒಡೆದ ಬಲಗೈಯನ್ನು ನಿಧಾನವಾಗಿ ಶಲ್ಯದೊಳಗೆ ಎಳೆದುಕೊಂಡರು.

"ಕಾಯಿ ನಾನು ಒಡೀಲಿಲ್ಲ ಅಲ್ವೇನ್ಲಾ? ಅದು ತಾನಾಗೇ ಒಡ್ಕೋತು."

"ಮೇಡಂಗೆ ಒಂದು ಫೋನ್ ಮಾಡ್ಲಾ?"

"ಮಾಡ್ಬುಟ್ಟೀಯ ಗಿಟ್ಟೀಯ! ಎಲ್ಲಾ ರೆಕಾರ್ಡ್ ಆಯ್ತದೆ!"

ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಮೆಂಬರ್ ರುದ್ರಪ್ರಸಾದ್ ಬುಲೆಟ್ ಗಾಡಿಯಲ್ಲಿ ಬಂದು, ಎಂಜಿನ್ ನಿಲ್ಲಿಸದೆ, ಹೆಲ್ಮೆಟ್ ತೆಗೆಯದೆ ಮಾತಾಡಿದರು. ಸೋಲೂರಿನಲ್ಲಿ ಅವರು ಹೆಲ್ಮೆಟ್ ಹಾಕಿದ್ದು ಅದೇ ಮೊದಲು.

"ಲೇ, ಆ ಟೇಪು ನಾನು ಕತ್ತರಿಸಿದ್ದಲ್ಲ. ಕತ್ತರಿ ನಿಂದು. ಟೇಪೂ ನಿಂದೇ. ನಾನು ಸುಮ್ನೆ ಕೈ ಅಡ್ಡ ಇಟ್ಟಿದ್ದೆ ಅಷ್ಟೆ. ಮುಂದಿನ ವರ್ಷ ಎಲೆಕ್ಷನ್ ಐತೆ ಕಣಪ್ಪ, ದಮ್ಮಯ್ಯ, ನನ್ ಹೆಸ್ರು ಎತ್ತಬ್ಯಾಡ."

ವಾಟ್ಸಾಪಿನಿಂದ ಉದ್ಘಾಟನೆಯ ಫೋಟೋಗಳು ಒಂದೊಂದಾಗಿ ಮಾಯವಾದವು. ತರಕಾರಿ ಮಾರುವ ಮಾರಕ್ಕ ಬಾಗಿಲಿಗೇ ಬಂದು, "ನಾನು ಉಪ್ಪಿಟ್ಟು ಮಾತ್ರ ತಿಂದಿದ್ದು ಕಣಪ್ಪೋ, ಕೇಸರಿಬಾತು ಮುಟ್ಟಿಲ್ಲ. ಉಪ್ಪಿಟ್ಗೂ ಪಾಲು ಬತ್ತದಾ?" ಎಂದು ಕಣ್ಣೀರಿಟ್ಟಳು. ಯಾರು ಎಷ್ಟು ತಿಂದಿದ್ದರೆಂಬುದು ಅಷ್ಟು ಪ್ರಾಮಾಣಿಕವಾಗಿ ಹೊರಬಂದದ್ದು ಆ ಊರಿನ ಚರಿತ್ರೆಯಲ್ಲೇ ಇಲ್ಲ. ಸಂಜೆಯ ಹೊತ್ತಿಗೆ ನರಸಯ್ಯನ ಅಂಗಡಿಯ ಎದುರು ನಿಂತು ಬಸ್ಸು ಕಾಯುವವರೂ ಇಲ್ಲವಾದರು. ಎಲ್ಲ ಹತ್ತು ಮಾರು ಆಚೆ, ಬಿಸಿಲಲ್ಲಿ ನಿಂತರು.

ಇನ್ನು ಒಪ್ಪಿಗೆ ಪತ್ರ. ಶುಕ್ರವಾರ ನರಸಯ್ಯ ಬಿಳಿ ಹಾಳೆಯೊಂದರಲ್ಲಿ ‘ಸದರಿಯವರ ಅರೆಸ್ಟಿಗೆ ನಮ್ಮ ಸಂಪೂರ್ಣ ಒಪ್ಪಿಗೆ ಇರುತ್ತದೆ’ ಎಂದು ತಾನೇ ಬರೆದು, ಮಾಯಮ್ಮನ ಮುಂದೆ ಹಿಡಿದ. ಮಾಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಗಂಡನ್ನ ಹಿಡ್ಕೊಂಡೋಗಿ ಅಂತ ಯಾವ ಹೆಂಡ್ತಿ ರುಜು ಹಾಕ್ತಾಳಯ್ಯಾ? ಕೈ ಕಡ್ದಾಕಿದ್ರೂ ನಾನ್ ಹಾಕಾಕಿಲ್ಲ."

"ಹಾಕ್ದಿದ್ರೆ ಇನ್ನೊಂದು ಕೇಸಾಯ್ತದೆ ಕಣಮ್ಮಿ."

ಕುರಿಮರಿಗೆ ಸೊಪ್ಪು ತಿನ್ನಿಸುತ್ತಿದ್ದ ದೊಡ್ಡಲಕ್ಷ್ಮಮ್ಮ ಕಂಬದ ಕಡೆ ತಿರುಗಿದಳು.

"ಕಂಬವೇ, ಕೇಳಿಸ್ಕೊ. ಇಪ್ಪತ್ತೆರಡು ವರ್ಸದಿಂದ ಈ ಮನೇಲಿ ಒಂದು ಅಟ್ಟ ಹತ್ತಿ ಗಡಿಗೆ ಇಳಿಸ್ದೆ ಇದ್ದೋರು ಬೋರ್ಡು ಬರೆಸ್ದಾಗ್ಲೇ ಅಂದ್ಕೊಂಡಿದ್ದೆ. ಮಾಯೀ, ಇತ್ತ ತತ್ತಾ ಕಾಗ್ದವ. ಒಸಿ ದಿನ ಸರ್ಕಾರದ ಮುದ್ದೆ ತಿಂದು ಬುದ್ಧಿ ಕಲೀಲಿ."

ಹೀಗೆಂದು ಮಿಕ್ಸಿ ರಿಪೇರಿಯ ಗ್ರೀಸಿನಲ್ಲೇ ಹೆಬ್ಬೆಟ್ಟು ಅದ್ದಿ ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದಳು. ನರಸಯ್ಯ ಕೆಳಗೆ ‘ಹೆಸರು: ದೊಡ್ಡಲಕ್ಷ್ಮಮ್ಮ, ಸಂಬಂಧ: ಅತ್ತೆ’ ಎಂದು ಬರೆದ. ಹೆದರಿಕೆಯಲ್ಲಿ ಮನುಷ್ಯನಿಗೆ ಹಳೆಯ ಸುಳ್ಳು ನೆನಪಿರುವುದಿಲ್ಲ.

ಶನಿವಾರ ಬೆಳಿಗ್ಗೆ ಅವನು ಎರಡು ಜೊತೆ ಬಟ್ಟೆ, ಒಂದು ತಟ್ಟೆ, ಒಂದು ಲೋಟ ಚೀಲಕ್ಕೆ ಹಾಕಿಕೊಂಡು ಮಾಗಡಿಯ ಬಸ್ಸು ಹತ್ತಿದ. ಖಾಲಿ ಇದ್ದ ಒಂದೇ ಒಂದು ಸೀಟಿನ ಪಕ್ಕದಲ್ಲಿ ಹೆಡ್ ಕಾನ್‌ಸ್ಟೇಬಲ್ ಖಾಸಿಂ ಕುಳಿತಿದ್ದರು. ವಿಧಿ ಕೆಲವೊಮ್ಮೆ ಸೀಟು ಹಿಡಿದಿಟ್ಟಿರುತ್ತದೆ. ನರಸಯ್ಯ ಸೀಟಿನ ತುದಿಗೆ ಅಂಟಿಕೊಂಡು ಕುಳಿತ. ಬಸ್ಸು ಕುಲುಕಿದಾಗಲೆಲ್ಲ ಚೀಲದೊಳಗಿನ ತಟ್ಟೆ ಲೋಟ ಟಣಟಣ ಅನ್ನುತ್ತಿತ್ತು.

"ಎಲ್ಲಿಗಯ್ಯಾ, ಪಾತ್ರೆ ಸಮೇತ?" ಎಂದರು ಖಾಸಿಂ.

"ಅರೆಸ್ಟ್ ಆಗಕ್ಕೆ ಸ್ವಾಮಿ."

ಖಾಸಿಂ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇಪ್ಪತ್ತಾರು ವರ್ಷ ಸರ್ವೀಸಾಯ್ತು. ಕೈಯಿಂದ ಟಿಕೆಟ್ ಕೊಂಡು ಅರೆಸ್ಟ್ ಆಗೋಕೆ ಹೋಗೋನ್ನ ಇವತ್ತೇ ನೋಡಿದ್ದು. ಯಾವ ಸೆಕ್ಷನ್ನು?"

"ಪಾಲ್ ಅರೆಸ್ಟು ಅಂತೆ."

ಖಾಸಿಂ ಹಣೆ ಉಜ್ಜಿಕೊಂಡರು. ಅದು ಏನೆಂದು ಅವರಿಗೂ ತಿಳಿಯಲಿಲ್ಲ. ತಿಳಿಯದೆಂದು ಹೇಳಲು ಯೂನಿಫಾರಂ ಬಿಡಲಿಲ್ಲ. "ಹೊಸ ಕಾನೂನು ಬಂದ್ಮೇಲೆ ನಂಬರೆಲ್ಲ ಬದಲಾಗೋಗೈತೆ ಕಣಯ್ಯ. ಹೊಸದಿರಬೇಕು. ಹೊಸ ಸೆಕ್ಷನ್ನು ಸ್ವಲ್ಪ ಖಡಕ್ಕಾಗೇ ಇರ್ತವೆ" ಎಂದು ಕಿಟಕಿಯ ಕಡೆ ತಿರುಗಿದರು. ಇದ್ದ ಅರ್ಧ ಜೀವವೂ ನರಸಯ್ಯನಿಗೆ ಅಲ್ಲೇ ಹೋಯಿತು.

ತರಬೇತಿ ಕೇಂದ್ರದ ಅಂಗಳದಲ್ಲಿ ಕಬ್ಬಿಣದ ಕಂಬಗಳ ಮೇಲೆ ಒಂದು ಇಳಿಜಾರು ತಗಡಿನ ಚಾವಣಿ ನಿಲ್ಲಿಸಿದ್ದರು. ಎತ್ತರ ಹದಿನಾಲ್ಕು ಅಡಿ. ಅದರ ತಲೆಯಿಂದ ಹಗ್ಗಗಳು ನೇತಾಡುತ್ತಿದ್ದವು. ಅನೀಸಾ ಮೇಡಂ ಮೂವತ್ತರ ಆಸುಪಾಸಿನ ಚುರುಕಿನ ಹೆಂಗಸು, ಮಾತಿಗಿಂತ ಕೆಲಸ ಬೇಗ. ನರಸಯ್ಯ ಹೋದವನೇ ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿ ನಿಂತ.

"ಸರಿ, ಕೈ ಹಂಗೇ ಇಟ್ಕೊಳ್ಳಿ" ಎಂದು ಆಕೆ ಆ ಕೈಗಳೊಳಗೆ ಏನೋ ಪಟ್ಟಿ ತೂರಿಸಿ, ಬೆನ್ನಿಗೆ ಎಳೆದು, ಎದೆಯ ಮೇಲೆ ಕೊಕ್ಕೆ ಸಿಕ್ಕಿಸಿದರು. ಕಟಕ್ ಎಂದು ಸದ್ದಾಯಿತು.

"ಕಾಲೆತ್ತಿ."

"ಕಾಲಿಗೂ ಬೇಡಿ ಹಾಕ್ತಾರಾ ಮೇಡಂ?"

"ಹಾಕ್ದಿದ್ರೆ ತಲೆಕೆಳಗಾಗಿ ಬೀಳ್ತೀರ" ಎಂದು ಆಕೆ ತೊಡೆಗೂ ಪಟ್ಟಿ ಬಿಗಿದು, ಒಪ್ಪಿಗೆ ಪತ್ರ ತೆಗೆದುಕೊಂಡು ಓದಿದರು. ಓದಿ ಫೈಲು ತೆರೆದರು. ಫೈಲಿನಲ್ಲಿದ್ದ ರಜಾ ಅರ್ಜಿ ತೆಗೆದು ಎರಡನ್ನೂ ಅಕ್ಕಪಕ್ಕ ಹಿಡಿದರು.

"ನರಸಯ್ಯನವರೇ, ನಿಮಗೆ ಎಷ್ಟು ಜನ ಅತ್ತೆಯರು?"

"ಒಬ್ರೇ ಮೇಡಂ."

"ಈ ಕಾಗದದಲ್ಲಿ ಅವರು ಮೂರು ವಾರದ ಹಿಂದೆ ತೀರ್ಕೊಂಡಿದ್ದಾರೆ. ಈ ಕಾಗದದಲ್ಲಿ ನಿನ್ನೆ ಹೆಬ್ಬೆಟ್ಟು ಒತ್ತಿದ್ದಾರೆ."

ನರಸಯ್ಯ ಪಟ್ಟಿಗಳ ಸಮೇತ ನೆಲಕ್ಕೆ ಕುಸಿದ. "ತಪ್ಪಾಯ್ತು ಮೇಡಂ. ಅತ್ತೆ ಸತ್ತಿಲ್ಲ, ಹತ್ತೋದಕ್ಕೆ ಹೆದ್ರಿ ಸಾಯಿಸ್ದೆ. ಬೋರ್ಡು ನಾನೇ ಬರೆಸಿದ್ದು, ಇವತ್ತೇ ಕಿತ್ತಾಕ್ತೀನಿ. ಆದ್ರೆ ಟೇಪು ಕತ್ತರಿಸಿದೋರ್ದು, ಕಾಯಿ ಒಡೆದೋರ್ದು ಏನೂ ಪಾಲಿಲ್ಲ. ಮಾರಕ್ಕಂದೂ ಇಲ್ಲ, ಬರೀ ಉಪ್ಪಿಟ್ಟು ತಿಂದವ್ಳೆ. ಪೂರ್ತಿ ಪಾಲೂ ನಂದೇ. ನನ್ನೊಬ್ಬನ್ನೇ ಕರ್ಕೊಂಡೋಗಿ."

ಅನೀಸಾ ಮೇಡಂ ತಮ್ಮ ಫೋನು ತೆಗೆದು ತಾವು ಕಳಿಸಿದ್ದನ್ನು ತಾವೇ ಓದಿಕೊಂಡರು. ಆಮೇಲೆ ಕಂಬಕ್ಕೆ ಹಣೆ ಆನಿಸಿಕೊಂಡು ಬಹಳ ಹೊತ್ತು ಅತ್ತ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು.

"ಪಾಲ್ ಅಲ್ಲ, ಫಾಲ್! ಫಾಲ್ ಅಂದ್ರೆ ಬೀಳೋದು. ಅರೆಸ್ಟ್ ಅಂದ್ರೆ ತಡೆಯೋದು. ಚಾವಣಿಯಿಂದ ಕಾಲು ಜಾರಿದೋನನ್ನ ನೆಲ ಮುಟ್ಟೋದ್ರೊಳಗೆ ಹಗ್ಗ ಹಿಡ್ಕೊಳುತ್ತೆ. ಅದೇ ಟೆಸ್ಟು. ಪೊಲೀಸು ಗಿಲೀಸು ಏನಿಲ್ಲ."

ನರಸಯ್ಯನಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತು ಮೂರು ದಿನದ ಮೇಲೆ ಮೊದಲ ಸಲ ಪೂರ್ತಿ ಉಸಿರೆಳೆದುಕೊಂಡ. ಉಸಿರು ಬಿಡುವ ಮುಂಚೆಯೇ ಮಾತಿನ ಉಳಿದರ್ಧ ತಲೆಗೆ ಹೋಯಿತು.

"ಬೀಳೋನು ಯಾರು ಮೇಡಂ?"

"ನೀವೇ. ಮೇಲೆ ಹತ್ತಿ ಅಂಚಿಂದ ಬೀಳಬೇಕು. ಬಿದ್ರೆ ಪಾಸು."

ನರಸಯ್ಯ ಹದಿನಾಲ್ಕು ಅಡಿಯನ್ನು ನೋಡಿದ. ನೋಡಿ ಕೈ ಮುಗಿದ. "ಮೇಡಂ, ದಮ್ಮಯ್ಯ, ಪೊಲೀಸ್ನೋರ ಅರೆಸ್ಟೇ ಮಾಡ್ಸಿ. ಈಗ್ತಾನೆ ಬಸ್ಸಲ್ಲಿ ಒಬ್ರು ಸಿಕ್ಕಿದ್ರು, ಇನ್ನೂ ದೂರ ಹೋಗಿರಾಕಿಲ್ಲ."

"ನೋಡಿ, ಸುಳ್ಳು ರಜೆಗೆ ತಪ್ಪೊಪ್ಪಿಗೆ ಬರೆಸ್ಕೊಂಡು ನಿಮ್ಮನ್ನ ಬಿಟ್ಟುಬಿಡಬಹುದು. ಈ ಟೆಸ್ಟ್ ಬಿಡೋಕಾಗಲ್ಲ. ಇದಾಗದೆ ಸರ್ಟಿಫಿಕೇಟಿಲ್ಲ. ಮುಂದಿನ ಬ್ಯಾಚು ಮೂರು ತಿಂಗಳಿಗೆ."

ಮೂರು ತಿಂಗಳೆಂದರೆ ಡೈರಿಯ ಕೆಲಸ ನೆಲಮಂಗಲದವರಿಗೆ. ಆಮೇಲೆ ಆ ಅಂಗಡಿ, ಆ ನೊಣ. ಮೇಡಂ ಬೆನ್ನಿನ ಪಟ್ಟಿಗೆ ಹಗ್ಗ ಸಿಕ್ಕಿಸಿದ ಮೇಲೆ ನರಸಯ್ಯ ಮನೆದೇವರನ್ನು ನೆನೆದು ಏಣಿಗೆ ಕಾಲಿಟ್ಟ. ಒಂದೊಂದು ಮೆಟ್ಟಿಲಿಗೂ ಒಂದೊಂದು ಹರಕೆ ಹೊತ್ತ. ಹನ್ನೆರಡನೆಯ ಮೆಟ್ಟಿಲಿಗೆ ಹರಕೆ ಹೇಳಿಕೊಳ್ಳಲು ಮನೆಯಲ್ಲಿ ಕುರಿ ಉಳಿದಿರಲಿಲ್ಲ. ಮೇಲೆ ತಲುಪಿ ಅಂಚಿನಲ್ಲಿ ತಗಡನ್ನು ತಬ್ಬಿಕೊಂಡು ಕವುಚಿ ಮಲಗಿದ. ಮೇಡಂ ಎಣಿಸಿದರು, ಗದರಿಸಿದರು, ಬೇಡಿಕೊಂಡರು. ಅರ್ಧ ಗಂಟೆಯಾದರೂ ಅವನು ಅಲ್ಲಾಡಲಿಲ್ಲ. ಕೊನೆಗೆ ಕಷ್ಟಪಟ್ಟು ಎದ್ದು ನಿಂತದ್ದೇ ದೊಡ್ಡ ಸಾಧನೆಯಾಯಿತು.

ಆ ಹೊತ್ತಿಗೆ ಸರಿಯಾಗಿ ಹಾಲಿನ ಟೆಂಪೋ ಒಂದು ಗೇಟಿನೊಳಗೆ ನುಗ್ಗಿತು. ಮುಂದೆ, ಮಾಯಮ್ಮನ ಗೋಳು ತಡೆಯಲಾರದೆ ಹೊರಟುಬಂದ, ಹೆಲ್ಮೆಟ್ ಹಾಕಿದ ರುದ್ರಪ್ರಸಾದ್. ಹಿಂದೆ ಕ್ಯಾನುಗಳ ನಡುವೆ ಮಾಯಮ್ಮ, ಅವಳ ತಾಯಿ, ಮತ್ತೆ ಸಿದ್ದಗಂಗಯ್ಯನವರು. ಸಿದ್ದಗಂಗಯ್ಯನವರ ಕೈಯಲ್ಲಿ ‘ತೆಂಗಿನಕಾಯಿ ಒಡೆದ ಬಾಬ್ತು ನನಗಿರುವ ಸಮಸ್ತ ಪಾಲನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ’ ಎಂದು ಬರೆದ ಛಾಪಾ ಕಾಗದವಿತ್ತು. ಮಾಯಮ್ಮ ಇಳಿದವಳೇ ಮೇಲೆ ನೋಡಿದಳು. ಗಂಡ ಎತ್ತರದಲ್ಲಿ ನಿಂತಿದ್ದಾನೆ. ಮೈಯೆಲ್ಲ ಪಟ್ಟಿ. ಕುತ್ತಿಗೆಯ ಹಿಂದಿನಿಂದ ಹಗ್ಗ.

"ಅಯ್ಯಯ್ಯೋ! ನೇಣಿಗಾಕ್ತಾವ್ರೆ ಕಣವ್ವೋ!"

ಸಿದ್ದಗಂಗಯ್ಯನವರು ಛಾಪಾ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ರುದ್ರಪ್ರಸಾದ್ ಟೆಂಪೋದಿಂದ ಇಳಿಯಲೇ ಇಲ್ಲ. ದೊಡ್ಡಲಕ್ಷ್ಮಮ್ಮ ಮಾತ್ರ ಸೀರೆ ಎತ್ತಿ ಕಟ್ಟಿ, ಅಂಗಳದ ನಡುವಿಗೆ ಓಡಿಬಂದಳು. ಅಲ್ಲಿ ಕಂಬಗಳಿದ್ದವು, ಮಗಳೂ ಇದ್ದಳು. ಮುದುಕಿ ಯಾವುದನ್ನೂ ನೋಡಲಿಲ್ಲ. ಕತ್ತೆತ್ತಿ, ಅಳಿಯನ ಮುಖವನ್ನೇ ನೋಡಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೇ ಕೂಗಿದಳು.

"ಅಳಿಯಾ! ನರಸಯ್ಯಾ! ಇಳ್ದು ಬಾರಪ್ಪಾ ಕೆಳಕ್ಕೆ! ನನ್ ಹೆಬ್ಬೆಟ್ಟು ನಾನ್ ವಾಪಸ್ ತಗೊಂತೀನಿ!"

ಅರೆಸ್ಟಿಗೆ, ಪೊಲೀಸಿಗೆ, ಹದಿನಾಲ್ಕು ಅಡಿಗೆ ಹೇಗೋ ನಿಂತಿದ್ದ ನರಸಯ್ಯ ಅತ್ತೆಯ ಬಾಯಲ್ಲಿ ತನ್ನ ಹೆಸರು ಕೇಳಿ ನಿಲ್ಲಲಾರದೆ ಹೋದ. ಗಾಬರಿಯಲ್ಲಿ, "ಆ ಅತ್ತೇ!" ಎಂದು ಬಗ್ಗಿದ. ಕಾಲು ಜಾರಿತು. ಊರವರೆಲ್ಲ ಕಣ್ಣು ಮುಚ್ಚಿದರು. ಹಗ್ಗ ಬಿರ್ರನೆ ಎಳೆದು, ಟಪ್ಪೆಂದು ಹಿಡಿದುಕೊಂಡಿತು. ಕಣ್ಣು ಬಿಟ್ಟು ನೋಡಿದರೆ ನರಸಯ್ಯ ನೆಲದಿಂದ ಏಳಡಿ ಮೇಲೆ ಸುರಕ್ಷಿತವಾಗಿ ತೂಗಾಡುತ್ತಿದ್ದ.

"ಪಾಸ್!" ಎಂದು ಅನೀಸಾ ಮೇಡಂ ಚಪ್ಪಾಳೆ ತಟ್ಟಿದರು. "ಇಷ್ಟು ನಿಜವಾಗಿ ಬಿದ್ದೋರನ್ನ ನಾನು ನೋಡೇ ಇಲ್ಲ. ಸೋಮವಾರ ಸರ್ಟಿಫಿಕೇಟ್ ತಗೊಂಡೋಗಿ."

ವಿಷಯ ತಿಳಿದು ಎಲ್ಲರ ಮುಖಕ್ಕೂ ರಕ್ತ ಬಂತು. ರುದ್ರಪ್ರಸಾದ್ ಹೆಲ್ಮೆಟ್ ತೆಗೆದು ಇಳಿದು, "ನಾನು ಟೇಪು ಕತ್ತರಿಸ್ದಾಗ್ಲೇ ಗೊತ್ತಿತ್ತು ಬುಡಿ" ಎಂದರು. ಮಾಯಮ್ಮ ಅಳುತ್ತಲೇ ನಕ್ಕಳು. ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾಗದ ಕಂಡರೆ ಗಟ್ಟಿಯಾಗಿ ಓದದೆ ಇರಲಾಗದ ಸಿದ್ದಗಂಗಯ್ಯನವರ ಕಣ್ಣಿಗೆ ಮೇಜಿನ ಮೇಲಿದ್ದ ರಜಾ ಅರ್ಜಿ ಬಿತ್ತು.

"ನಮ್ಮ ಅತ್ತೆಯವರಾದ ದೊಡ್ಡಲಕ್ಷ್ಮಮ್ಮನವರು ದೈವಾಧೀನರಾದ ಕಾರಣ ಎರಡು ದಿನ ರಜೆ..."

ಹಗ್ಗದ ಕಿರ್‍ರ್ ಕಿರ್‍ರ್ ಒಂದೇ ಕೇಳಿಸುತ್ತಿತ್ತು. ದೊಡ್ಡಲಕ್ಷ್ಮಮ್ಮ ನಿಧಾನವಾಗಿ ಕತ್ತೆತ್ತಿದಳು. ಒಮ್ಮೆ ಬಿಟ್ಟ ರಿವಾಜು ಬಿಟ್ಟದ್ದೇ.

"ಏನಪ್ಪಾ ಅಳಿಯಾ, ನಾನು ಸತ್ರೆ ಎರಡೇ ದಿನವಾ?"

"ಅತ್ತೇ, ಅದು..."

"ಗಂಡುಮಕ್ಳಿಲ್ದೋಳು ನಾನು. ಮಣ್ಣು ಮಾಡೋನೂ ನೀನೇ, ಹನ್ನೊಂದು ದಿನಕ್ಕೆ ತಿಥಿ ಮಾಡೋನೂ ನೀನೇ ಅಂತ ನಂಬ್ಕೊಂಡಿವ್ನಿ. ಎರಡು ದಿನದಲ್ಲಿ ಏನಪ್ಪಾ ಮಾಡ್ತಿದ್ದೆ?"

ನರಸಯ್ಯ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ, ಮತ್ತೆ ಅತ್ತೆಯ ಎದುರಿಗೇ ಬಂದು ನಿಂತ. "ಕ್ಲಾಸು ಎರಡೇ ದಿನ ಇತ್ತು ಕಣತ್ತೆ" ಎಂದ, ಸಣ್ಣ ದನಿಯಲ್ಲಿ.

ಅನೀಸಾ ಮೇಡಂ ನಗು ನುಂಗಿಕೊಂಡು ಹಗ್ಗ ಇಳಿಸುವ ಗಾಲಿಗೆ ಕೈ ಹಾಕಿದರು. "ಅಮ್ಮಾ, ಇನ್ನು ಇವರನ್ನ ಇಳಿಸಲಾ?"

ದೊಡ್ಡಲಕ್ಷ್ಮಮ್ಮ ತಗಡಿನ ನೆರಳಿಗೆ ಹೋಗಿ ಕುಳಿತು, ಸೊಂಟದ ಸಂಚಿ ಬಿಚ್ಚಿ, ಒಂದು ಎಲೆ ತೆಗೆದು ತೊಡೆಯ ಮೇಲೆ ಒರೆಸಿಕೊಂಡಳು.

"ಇರ್ಲಿ ಬುಡವ್ವ, ಏನವಸ್ರ. ಬಾಳ ದಿನ ಏನ್ ಬ್ಯಾಡ. ಎರಡು ದಿನ ಸಾಕು."